ಮೂರು ಬೆರಳು ಎಡಕ್ಕೆ

ಸಾಹುಕಾರ ಮೊದಲ ಸಲ ಚಳ್ಳಕೆರೆಯ ನನ್ನ ಅಂಗಡಿಗೆ ಬಂದಾಗ ಅವನ ಬಲಹುಬ್ಬು ಅರ್ಧಚಂದ್ರದ ಹಾಗೆ ಸೀಳಿತ್ತು. ಕೂತ್ಕೊಳ್ಳಿ ಅನ್ನುವ ಮೊದಲೇ ಮಣೆ ಎಳೆದುಕೊಂಡು ಕೂತು, ಕೇಳದಿದ್ದರೂ "ಕಾಡುಹಂದಿ ತಿವೀತು" ಎಂದ. ಕೈವಾರ ಇಟ್ಟು ದುಂಡಗೆ ಗೆರೆ ಎಳೆದಂತೆ ತಿವಿಯುವ ಹಂದಿಯನ್ನು ನಾನು ಕಂಡಿರಲಿಲ್ಲ. ಬೆಂಗಳೂರು ದಂಡಿನ ಬಂದೂಕು ಕಾರ್ಖಾನೆಯಲ್ಲಿ ಕೆಲಸ ಕಲಿತು ಊರಿಗೆ ಮರಳಿದವನು ನಾನು. ಅಂಥ ಗಾಯ ಯಾವುದರಿಂದ ಆಗುತ್ತದೆಂದು ನೋಡಿದ ಕೂಡಲೇ ತಿಳಿಯಿತು. ಕೋವಿಯ ಮೇಲೆ ಕೂರಿಸಿದ ದುರ್ಬೀನಿನ ಹಿಂದಿನ ಅಂಚು, ಗುಂಡು ಹಾರಿದಾಗ ಹಿಂದಕ್ಕೆ ಒದ್ದು ಹುಬ್ಬಿಗೆ ಬಡಿದಿತ್ತು. ದುರ್ಬೀನು ಕಣ್ಣಿಗೆ ತೀರ ಹತ್ತಿರವಿದ್ದರೆ ಹಾಗಾಗುತ್ತದೆ.

ಅವನು ಮೊಳಕಾಲ್ಮೂರು ಕಡೆಯ ಹೆಂಡದ ಗುತ್ತಿಗೆದಾರ. ಬಿಲಾಯ್ತಿಗೆ ಮರಳುತ್ತಿದ್ದ ಯಾರೋ ಇಂಗ್ಲಿಷ್ ದೊರೆಯೊಬ್ಬನಿಂದ ಆ ರೈಫಲ್ಲು ಕೊಂಡಿದ್ದ. ನಮ್ಮ ಸೀಮೆಯಲ್ಲಿ ದುರ್ಬೀನು ಹೊತ್ತ ಕೋವಿ ಅದೊಂದೇ. ಅದನ್ನು ಹೊರಲು ಅವನ ಹಿಂದೆ ಒಬ್ಬ ಬಾಲಬಡುಕ ಇರುತ್ತಿದ್ದ. ಸಾಹುಕಾರ ಕೆಮ್ಮಿದರೆ ಈತ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ದುರ್ಬೀನು ಕೆಟ್ಟೈತೆ, ಸರಿಮಾಡು. ಸಂಜೀಕೆ ತಗೊಂಡು ಹೋಗ್ತೀನಿ" ಎಂದ ಸಾಹುಕಾರ.

ಬಿಚ್ಚಿ ನೋಡಿದೆ. ಗಾಜುಗಳು ತಿಳಿನೀರಿನ ಹಾಗಿದ್ದವು. ದುರ್ಬೀನಿನ ಕೊಳವೆಯನ್ನು ಹಿಡಿದ ಎರಡು ಬಳೆಗಳ ಬೆಸುಗೆಯನ್ನು ಯಾರೋ ಬಿಡಿಸಿ, ಕೊಳವೆಯನ್ನು ನಾಲ್ಕು ಬೆರಳಿನಷ್ಟು ಹಿಂದಕ್ಕೆ ಎಳೆದು ಮತ್ತೆ ಬೆಸೆದಿದ್ದರು.

"ಇದನ್ನ ಹಿಂದಕ್ಕೆ ಎಳೆದೋರು ಯಾರು?"

"ಬಳ್ಳಾರಿಯಾಗೆ ಒಬ್ಬ ಕಮ್ಮಾರ. ನಾನೇ ಹೇಳಿ ಎಳೆಸ್ದೆ. ಹತ್ರ ಇದ್ರೆ ಚೆಂದ ಕಾಣ್ತೈತಲ್ಲ? ಆಮೇಲೆ ಹಿಂಗಾತು. ಅವನ ಸಾಮಾನೆಲ್ಲ ಬೀದಿಗೆ ಎಸೆಸಿ ಬಂದೀನಿ."

ಇದನ್ನು ಅವನು ಹೆಮ್ಮೆಯಿಂದ ಹೇಳಿದ. ಬಾಲಬಡುಕ ನಕ್ಕ.

ಕೋವಿಗೆ ದುರ್ಬೀನು ಕೂರಿಸುವುದು ಅಂಗಿ ಹೊಲಿದ ಹಾಗೆ. ತೊಡುವವನ ಮೈ ನೋಡದೆ ಆಗುವುದಿಲ್ಲ. ಕೋವಿಯ ಮರದ ಹಿಂಬದಿಗೆ ನಾವು ಕುಂದ ಅನ್ನುತ್ತೇವೆ. ಅದು ಭುಜಕ್ಕೆ ಒರಗಬೇಕು, ಕೆನ್ನೆ ತಾನಾಗಿ ಮರದ ಮೇಲೆ ಇಳಿಯಬೇಕು. ಆಗ ಕತ್ತು ಚಾಚದೆ, ಗದ್ದ ಎತ್ತದೆ, ಕಣ್ಣೆದುರು ಗಾಜು ತುಂಬ ದುಂಡಗಿನ ಬೆಳಕು ಕಾಣಬೇಕು. ಕಣ್ಣು ಹೆಚ್ಚು ಮುಂದಾದರೂ ಹಿಂದಾದರೂ ಆ ಬೆಳಕಿನ ಅಂಚಿಗೆ ಕಪ್ಪು ಕವಿಯುತ್ತದೆ. ಆದ್ದರಿಂದ, "ಎದ್ದು ನಿಂತು ಕಣ್ಣು ಮುಚ್ಚಿ ಕೋವಿ ಭುಜಕ್ಕೆ ತಗೊಳ್ಳಿ. ಕೆನ್ನೆ ಇಟ್ಟಮೇಲೆ ಕಣ್ಣು ತೆಗೀರಿ. ನಾನು ಅಳತೆ ತಗೋತೀನಿ" ಎಂದೆ.

"ಲೇ, ನಾನೇನು ಅಂಗಿ ಹೊಲಿಸಾಕೆ ಬಂದೀನಾ?"

ಹೌದು ಅನ್ನಬೇಕೆನಿಸಿತು. ಬಾಲಬಡುಕ ಹೊಗಳಿ ಹೊಗಳಿ ಅವನನ್ನು ನಿಲ್ಲಿಸಿದ. ಸಾಹುಕಾರ ಕೋವಿ ಎತ್ತಿದ್ದೇ ಕೋಳಿ ಕಾಳು ಹೆಕ್ಕುವಂತೆ ಕತ್ತನ್ನು ಮುಂದಕ್ಕೆ ಚಾಚಿದ. ತಿದ್ದಿದೆ, ಮತ್ತೆ ಚಾಚಿದ. ಅಭ್ಯಾಸ ಕೆಟ್ಟಿದೆ ಎಂದುಕೊಂಡೆ.

ಕೊಳವೆಗೆ ಒದ್ದೆ ಬಟ್ಟೆ ಸುತ್ತಿ, ಒಳಗಿನ ಗಾಜು ಅಂಟಿಸಿದ ಅಂಟು ಕರಗದಂತೆ, ಬಳೆಗಳನ್ನಷ್ಟೇ ಕಾಯಿಸಿ ಬೆಸುಗೆ ಬಿಡಿಸಿದೆ. ದುರ್ಬೀನನ್ನು ಮುಂದಕ್ಕೆ ಸರಿಸಿ, ಅವನ ಹುಬ್ಬಿಗೂ ಅಂಚಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಮತ್ತೆ ಬೆಸೆದೆ. ಕತ್ತು ಚಾಚದಿರಲೆಂದು ಕೆನ್ನೆ ಕೂರುವ ಕಡೆ ಚರ್ಮದ ಮೆತ್ತೆ ಹೊಲಿದೆ. ಊರಾಚೆ ಬಯಲಿನಲ್ಲಿ ನಾನೇ ಮಲಗಿ ಹೊಡೆದು ಗುರಿ ಕೂಡಿಸಿದೆ. ಸಂಜೆ ಅವನ ಕೈಗೆ ಕೊಟ್ಟೆ.

"ಕಾಣ್ತೈತಾ?"

"ಕಾಣ್ತೈತೆ" ಎಂದು ಅತ್ತ ಕಡೆ ನೋಡಿ ಬಂಡಿ ಹತ್ತಿದ.

ಆಗ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯ ಬಂಡೆಗಳ ಸಂದಿಯಲ್ಲಿ ಒಂದು ಚಿರತೆ ಸೇರಿಕೊಂಡಿತ್ತು. ಮೊದಮೊದಲು ಹಟ್ಟಿಗಳಿಂದ ಕುರಿ ಎಳೆಯುತ್ತಿತ್ತು. ಆಮೇಲೆ ಸೌದೆ ಆಯಲು ಹೋದ ಮುದುಕಿಯೊಬ್ಬಳನ್ನು ತಿಂದಿತು. ನಮ್ಮ ಅಕ್ಕನನ್ನು ದೇವಸಮುದ್ರದ ಕಡೆ ಕೊಟ್ಟಿದ್ದೆವು. ಅವಳ ಮನೆಯವರು ಕುರಿಯನ್ನೇ ನಂಬಿದವರು. ಹಗಲಲ್ಲೂ ಕುರಿ ಹೊರಗೆ ಬಿಡಲಾಗದೆ, ಒಣಸೊಪ್ಪು ಹಾಕಿ ಹಟ್ಟಿಯಲ್ಲೇ ಕೂಡಿಕೊಂಡಿದ್ದರು. ಆ ಸೀಮೆಯ ಬೇಟೆಯವರ ಹತ್ತಿರ ಹಳೆಯ ನಾಡಕೋವಿಗಳು ಇದ್ದವು. ಆದರೆ ಜಿಂಕೆ ಹೊಡೀತಾರೆ ಅಂತ ಇದೇ ಸಾಹುಕಾರ ದೂರು ಕೊಟ್ಟು, ಅವೆಲ್ಲವನ್ನೂ ಕಸಿಸಿ ಸರ್ಕಾರಿ ಕಚೇರಿಗೆ ಕಟ್ಟಿಸಿಬಿಟ್ಟಿದ್ದ. ಜಿಂಕೆ ಹೊಡೆಯುವ ಸುಖ ಅವನೊಬ್ಬನಿಗೇ ಬೇಕಾಗಿತ್ತು. ಈಗ ಸುತ್ತಮುತ್ತ ಪರವಾನಗಿ ಇದ್ದದ್ದು ಅವನ ಕೋವಿಗೆ ಮಾತ್ರ. ತಾಲ್ಲೂಕಿನ ಅಮಲ್ದಾರರು ಚಿರತೆಯ ಕೆಲಸವನ್ನು ಅವನಿಗೇ ಒಪ್ಪಿಸಿದರು. ಸಾಹುಕಾರನಿಗೆ ಚಿರತೆಗಿಂತ ಅಮಲ್ದಾರರು ಹೊದಿಸಬಹುದಾದ ಶಾಲಿನ ಮೇಲೆ ಕಣ್ಣು.

ಅವನು ಕೋವಿ ಒಯ್ದ ಮೇಲೆ ಹೆಚ್ಚು ದಿನ ಕಳೆದಿರಲಿಲ್ಲ. ಅಕ್ಕನ ಊರಿನಿಂದ ಒಬ್ಬ ಸುದ್ದಿ ಹೊತ್ತು ಬಂದ. ಸಾಹುಕಾರ ಹಳ್ಳಿಯವರನ್ನೆಲ್ಲ ಸೇರಿಸಿ ತಮಟೆ ಬಡಿಸಿ ಚಿರತೆ ಎಬ್ಬಿಸಿದ್ದನಂತೆ. ಎದುರಿಗೇ ಬಂದ ಪ್ರಾಣಿಗೆ ಹೊಡೆದದ್ದು ಹಿಂಗಾಲಿಗೆ ತಾಗಿತಂತೆ. ಅದು ತಿರುಗಿ ತಮಟೆಯವರ ಮೇಲೆ ಬಿತ್ತು. ಮುಂದೆ ನಿಂತಿದ್ದವನು ನಮ್ಮ ಭಾವ. ಎಡಗೈಯನ್ನು ಮೊಣಕೈವರೆಗೆ ಸಿಗಿದು ಹಾಕಿತ್ತು.

"ಸಾಹುಕಾರ ಏನಂದ?" ಎಂದು ಕೇಳಿದೆ.

"ಚಳ್ಳಕೆರೆಯೋನು ದುರ್ಬೀನು ಸೊಟ್ಟ ಕೂರ್ಸವ್ನೆ ಅಂದ್ರು."

ಅರ, ತಿರುಪುಳಿ, ಸುತ್ತಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಅವತ್ತೇ ಹೊರಟೆ. ಮೊದಲು ಅಕ್ಕನ ಮನೆಗೆ ಹೋದೆ. ಭಾವ ಜ್ವರದಲ್ಲಿ ಮಲಗಿದ್ದ. ಕೈಗೆ ಸೊಪ್ಪಿನ ಪಟ್ಟು ಕಟ್ಟಿದ್ದರು. ನನ್ನನ್ನು ನೋಡಿ, "ಏನಪ್ಪಾ, ನಿನ್ನ ದುರ್ಬೀನು ನನ್ನ ಕೈ ತಿಂತಲ್ಲೋ" ಎಂದು ನಗಲು ಹೋಗಿ ನರಳಿದ. ಅದು ನನ್ನ ದುರ್ಬೀನಿನ ತಪ್ಪೋ ಅಲ್ಲವೋ ನನಗೂ ಇನ್ನೂ ಗೊತ್ತಿರಲಿಲ್ಲ.

ಮೊಳಕಾಲ್ಮೂರಿನ ಸಾಹುಕಾರನ ಮನೆಯ ಹಿತ್ತಲಲ್ಲಿ ಪರೀಕ್ಷೆಗಿಳಿದೆ. ಮರಳು ತುಂಬಿದ ಗೋಣಿಚೀಲಗಳ ಮೇಲೆ ಕೋವಿ ಮಲಗಿಸಿ, ದೂರದ ಮಣ್ಣಿನ ದಿಬ್ಬಕ್ಕೆ ಸುಣ್ಣದ ಬೊಟ್ಟು ಇಟ್ಟು ಹೊಡೆದೆ. ಬೊಟ್ಟಿನೊಳಗೇ ಬಿತ್ತು. ಮತ್ತೆ ಹೊಡೆದೆ, ಪಕ್ಕದಲ್ಲೇ ಬಿತ್ತು. ಕೋವಿ ಸರಿಯಾಗಿತ್ತು, ಬೆಸುಗೆ ಅಲುಗಿರಲಿಲ್ಲ.

"ನೀವೇ ಒಂದ್ಸಲ ಎತ್ತಿ ನೋಡಿ ಸಾಹುಕಾರ್ರೆ, ಗುಂಡು ಬೇಡ" ಎಂದೆ.

ಅವನು ಕೋವಿ ಎತ್ತಿದ. ಈ ಸಲ ನಾನು ಕೋವಿಯನ್ನು ನೋಡಲಿಲ್ಲ, ಅವನ ಮುಖ ನೋಡಿದೆ. ಕೆನ್ನೆ ಮರದ ಮೇಲೆ ಇಳಿಯಿತು, ಮರುಕ್ಷಣ ಮೂಗು ಮರವನ್ನು ದಾಟಿ ಬಲಕ್ಕೆ ಜಾರಿತು. ಎಡಗಣ್ಣು ಕಳ್ಳನ ಹಾಗೆ ಗಾಜಿನ ಕಡೆ ಬರುತ್ತಿತ್ತು. ನನಗೊಂದು ಅನುಮಾನ ಹುಟ್ಟಿತು. ಗಾಜಿಗೆ ಧೂಳು ಕೂರದಂತೆ ದುರ್ಬೀನಿನ ಮುಂಬದಿಗೆ ಹಾಕುವ ಚರ್ಮದ ಕುಲಾವಿ ಒಂದಿತ್ತು. ಅವನ ಬಲಗಡೆಯಿಂದ ಮೆಲ್ಲಗೆ ಮುಂದೆ ಹೋಗಿ ಅದನ್ನು ಗಾಜಿಗೆ ಹಾಕಿಬಿಟ್ಟೆ. ಈಗ ಯಾರು ನೋಡಿದರೂ ಕಾಣುವುದು ಕತ್ತಲೆಯೊಂದೇ.

"ಕತ್ತು ನೆಟ್ಟಗೆ ಮಾಡಿ, ಬಲಗಣ್ಣಾಗೆ ನೋಡಿ. ದಿಬ್ಬದ ಮ್ಯಾಲೆ ಬೊಟ್ಟು ಕಾಣ್ತೈತಾ?"

"ಓಹೋ, ಕಾಣ್ತೈತೆ."

"ಚೆನ್ನಾಗಿ?"

"ಗಾಜು ಒರೆಸಿದಂಗೆ ಕಾಣ್ತೈತೆ ಕಣಲೇ. ಬೊಟ್ಟು ಮೊದ್ಲಿಗಿಂತ ದೊಡ್ಡದಾಗೈತೆ."

ಕುಲಾವಿ ಬಾಲಬಡುಕನ ಕಣ್ಣಿಗೂ ಬಿದ್ದಿತ್ತು. ನನ್ನ ಮುಖ ನೋಡಿದ, ಕುಲಾವಿ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ನಮ್ಮ ಸಾಹುಕಾರ್ರದು ಹದ್ದಿನ ಕಣ್ಣು" ಎಂದ.

ಅಷ್ಟು ಹೊತ್ತಿಗೆ ಸಾಹುಕಾರನ ತಾಯಿ, ಹಿತ್ತಲ ಬಾಗಿಲಲ್ಲಿ ಕೂತು ಅವರೆ ಸುಲಿಯುತ್ತಿದ್ದ ಮುದುಕಿ, ಮೊರ ಪಕ್ಕಕ್ಕಿಟ್ಟಳು. ಅವಳು ಆಂಧ್ರದ ಕಡೆಯಿಂದ ಬಂದವಳು, ಮಾತಿನಲ್ಲಿ ಎರಡು ಭಾಷೆ ಬೆರೆಯುತ್ತಿತ್ತು.

"ಏಮಿರಾ, ಯಾರಿಗೆ ಹೇಳ್ತೀಯಾ ಸುಳ್ಳು? ಅನ್ನದಾಗಿನ ಕಲ್ಲು ಕಾಣಲ್ಲ ನಿಂಗೆ. ಮೊನ್ನೆ ಬಲಗಡೆ ಕುಂತ ಬೀಗರನ್ನ ಕಂಬ ಅಂತ ಒರಗಿದ್ಯಲ್ಲ! ಆ ಕಣ್ಣಿಗೆ ಪೊರೆ ಬಂದು ಎಷ್ಟು ಕಾಲ ಆತು, ಹೇಳು ಆಯಪ್ಪಗೆ."

"ಅವ್ವಾ, ಒಳಗೆ ನಡಿ!" ಎಂದು ಸಾಹುಕಾರ ಕಿರುಚಿದ.

ಮುದುಕಿ ಅಲ್ಲಾಡಲಿಲ್ಲ. ಮತ್ತೆ ಮೊರ ಎತ್ತಿಕೊಂಡಳು.

ಎಲ್ಲ ಅರ್ಥವಾಯಿತು. ಬಲಗಣ್ಣು ಮಬ್ಬಾದ ಹಾಗೆಲ್ಲ ಗಾಜು ಹತ್ತಿರ ಬಂದರೆ ಕಾಣುತ್ತದೆಂದು ಎಳೆಸಿದ್ದ, ಹುಬ್ಬು ಒಡೆದುಕೊಂಡಿದ್ದ, ಬಳ್ಳಾರಿಯ ಕಮ್ಮಾರನ ಅನ್ನಕ್ಕೆ ಮಣ್ಣು ಹಾಕಿದ್ದ. ಕಾಣದ ಕಣ್ಣಿಟ್ಟುಕೊಂಡು, ಅಷ್ಟು ಜನರನ್ನು ಮುಂದೆ ನಿಲ್ಲಿಸಿಕೊಂಡು, ಚಿರತೆಗೆ ಗುಂಡು ಹೊಡೆದಿದ್ದ. ಕಾಯಿಲೆ ಬಂದ ಕಣ್ಣಿನ ಬಗ್ಗೆ ನನಗೆ ಸಿಟ್ಟಿಲ್ಲ. ಪೊರೆ ಯಾರಿಗೂ ಬರುತ್ತದೆ. ಅದನ್ನು ಮುಚ್ಚಿಡಲು ಇನ್ನೊಬ್ಬರ ಕೈಯನ್ನು ಬಲಿ ಕೊಡುವವನ ಬಗ್ಗೆ ನನಗಾದ ಹೇಸಿಗೆಗೆ ಹೆಸರಿಲ್ಲ.

"ಕೋವಿ ನನಗೆ ಕೊಡಿ. ನಾನೇ ಕುಂತು ಹೊಡೀತೀನಿ" ಎಂದೆ. ಗುರಿಹಲಗೆ ಬಿಟ್ಟು ಜೀವದ ಪ್ರಾಣಿಗೆ ಹೊಡೆದವನಲ್ಲ ನಾನು. ಆದರೂ ಎರಡು ಕಣ್ಣಿದ್ದವು.

"ಪರವಾನಗಿ ನನ್ನ ಹೆಸರಾಗೆ ಐತೆ. ನೀನು ಕೋವಿ ಕುದುರೆ ಎಳೆದ್ರೆ ಕಚೇರಿ ಕಂಬಕ್ಕೆ ಕಟ್ಟಿಸ್ತೀನಿ."

"ಹಂಗಾದ್ರೆ ಎಡಭುಜಕ್ಕೆ ಇಟ್ಟು ಎಡಗಣ್ಣಾಗೆ ಹೊಡೀರಿ. ಕಲಿಸ್ತೀನಿ."

"ಎಡಚ ಅಂತ ಊರು ನಗಬೇಕಾ? ಅಮಲ್ದಾರ್ರು ನೋಡಿದ್ರೆ ಏನಂದ್ಕೋತಾರೆ?"

ಅಮಲ್ದಾರರು ಏನಂದುಕೊಳ್ಳುತ್ತಾರೆ! ಚೀಲ ಎತ್ತಿಕೊಂಡು ಅಕ್ಕನ ಮನೆಗೆ ವಾಪಸು ನಡೆದೆ. ಅಮಲ್ದಾರರ ಮುಂದೆ ಎಲ್ಲ ಹೇಳಿಬಿಡಬೇಕು, ಕೋವಿಯನ್ನು ಕಚೇರಿಗೆ ಕಟ್ಟಿಸಬೇಕು ಎಂದು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಿದ್ದೆ.

ಅಕ್ಕ ಎಲ್ಲ ಕೇಳಿಸಿಕೊಂಡಳು. ಗಂಜಿ ಕಲಕುತ್ತಿದ್ದ ಸೌಟನ್ನು ಕೆಳಗಿಡಲಿಲ್ಲ.

"ಅವನ ಮಾನ ಕಳೀತೀಯಾ, ಸರಿ. ಆಮ್ಯಾಲೆ ಚಿರತೆ ಯಾರು ಹೊಡೀತಾರೆ ತಮ್ಮಾ? ಕಾಲು ಮುರಿದುಕೊಂಡೈತೆ, ಇನ್ನು ಜಿಂಕೆ ಹಿಡಿಯಾಕಾಗಲ್ಲ ಅದಕ್ಕೆ. ಮನುಷ್ಯರನ್ನೇ ಹಿಡೀತೈತೆ. ಬೇರೆ ಕೋವಿ ಬರೋದ್ರಾಗೆ ಯಾವ ಮನೆ ಮಗು ಹೋಗ್ತೈತೋ. ಅವನು ಎಂಥೋನಾದ್ರೂ ಆಗ್ಲಿ. ಕೋವಿ ಕೆಲಸ ನೀನು ಬಲ್ಲೆ. ಪ್ರಾಣಿ ಸಾಯಂಗೆ ಮಾಡು."

"ಅವನ ಸುಳ್ಳಿಗೆ ತಕ್ಕಂಗೆ ನಾನು ಕೋವಿ ಮಾಡಬೇಕಾ ಅಕ್ಕಾ?"

"ಮಾಡು. ನಿನ್ನ ಭಾವನ ಕೈ ನೋಡಿ ಮಾಡು."

ಭಾವ ಆ ಕಡೆ ಮುಖ ಮಾಡಿ ಮಲಗಿದ್ದ. ಎಚ್ಚರವಾಗಿಯೇ ಇದ್ದ. ಅವತ್ತು ತೀರ್ಮಾನ ಮಾಡಿದೆ. ಮನುಷ್ಯ ಕೋವಿಗೆ ಹೊಂದಿಕೊಳ್ಳುವುದಿಲ್ಲ ಅಂದರೆ, ಕೋವಿಯನ್ನೇ ಆ ಮನುಷ್ಯನಿಗೆ ಸೊಟ್ಟ ಮಾಡುವುದು.

ಉಪಾಯ ಸರಳವಾಗಿತ್ತು, ಕೆಲಸ ಸರಳವಾಗಿರಲಿಲ್ಲ. ಯಾರೂ ಎಡಚ ಅನ್ನದಂತೆ ಕುಂದ ಬಲಭುಜದಲ್ಲೇ ಇರಬೇಕು. ದುರ್ಬೀನು ಮಾತ್ರ ಎಡಗಣ್ಣಿನ ಎದುರಿಗೆ ಬರಬೇಕು. ಅಂದರೆ ಗುಂಡು ಹಾರುವ ನಳಿಗೆಯ ನೆತ್ತಿಯಿಂದ ಅದನ್ನು ಪಕ್ಕಕ್ಕೆ ಸರಿಸಿ ತೋಳಿನಂಥ ಕಬ್ಬಿಣದ ಮೇಲೆ ಕೂರಿಸಬೇಕು. ಮತ್ತೆ ಮೊಳಕಾಲ್ಮೂರಿಗೆ ಹೋಗಿ ಸಾಹುಕಾರನನ್ನು ಮಣೆಯ ಮೇಲೆ ಕೂರಿಸಿ, ಅವನ ಎರಡು ಕಣ್ಣುಗಳ ನಡುವಿನ ಅಂತರವನ್ನು ದಾರದಲ್ಲಿ ಅಳೆದೆ. ಈ ಸಲ ಅವನು ಅಂಗಿಯ ಮಾತು ಎತ್ತಲಿಲ್ಲ. ಎಡಗಣ್ಣು ಅಂದ ಕೂಡಲೇ ಬಾಲಬಡುಕನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಅಳತೆ ಮೂರು ಬೆರಳು ಎಡಕ್ಕೆ ಬಂತು.

ಅಲ್ಲಿನ ಕಮ್ಮಾರನ ಕುಲುಮೆ ಕೇಳಿ ತಗೊಂಡೆ. ಹಳೆಯ ಬಂಡಿಯ ಅಚ್ಚಿನಿಂದ ಎರಡು ತೋಳು ಬಡಿದೆ. ಗಟ್ಟಿಯಾಗಲೆಂದು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆ. ಅವಸರದ ಕೆಲಸ ಅದು. ಮೊದಲ ಗುಂಡಿಗೇ ಮುಂದಿನ ತೋಳು ಗಾಜಿನ ಬಳೆಯ ಹಾಗೆ ಸಿಡಿದು, ದುರ್ಬೀನು ನೇತಾಡಿತು. ಅದೃಷ್ಟಕ್ಕೆ ಗಾಜು ಉಳಿಯಿತು. ಎರಡನೆಯ ಸಲ ನೀರಿಗೆ ಹಾಕದೆ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಟ್ಟೆ. ಒದೆತಕ್ಕೆ ಬಾಗಿದರೂ ಮುರಿಯದಷ್ಟು ಹದ ಬಂತು. ಬಾಗದಿರಲೆಂದು ಕೆಳಗಿನಿಂದ ಒಂದು ಆಸರೆಯನ್ನೂ ಕೂಡಿಸಿದೆ.

ಆಗ ಇನ್ನೊಂದು ತೊಂದರೆ ಕಂಡಿತು. ದುರ್ಬೀನಿನ ಭಾರಕ್ಕೆ ಕೋವಿ ಎಡಕ್ಕೆ ವಾಲುತ್ತಿತ್ತು. ವಾಲಿದ ಕೋವಿಯ ಗುಂಡು ಆ ಕಡೆಗೇ ಹೋಗುತ್ತದೆ. ಕುಂದದ ಬಲಮಗ್ಗುಲಲ್ಲಿ ಗುಳಿ ತೋಡಿ, ಸೀಸ ಕಾಯಿಸಿ ಹುಯ್ದು, ಮೇಲೆ ಮರದ ಬಿಲ್ಲೆ ಮುಚ್ಚಿದೆ. ತೂಕ ಸಮವಾಯಿತು. ಕೊನೆಗೆ ಚರ್ಮದ ಮೆತ್ತೆ ಕಿತ್ತು ಹಾಕಿ, ಅವನ ಕೆನ್ನೆ ಮರದ ಮೇಲೆ ಇನ್ನಷ್ಟು ಅಡ್ಡಕ್ಕೆ ಬರುವಂತೆ ಕುಂದದ ನೆತ್ತಿಯನ್ನು ಅರದಿಂದ ಉಜ್ಜಿ ತಗ್ಗಿಸಿದೆ. ಅವನು ಕಣ್ಣು ಮುಚ್ಚಿ ಕೋವಿ ಎತ್ತಿ, ಕೆನ್ನೆ ಇಟ್ಟು, ಕಣ್ಣು ತೆರೆದ.

ಅವನ ಬಾಯಿ ತುಸು ತೆರೆದಿತ್ತು.

"ಅಲ್ಲಿ ಮರದಾಗೆ ಗೀಜಗನ ಗೂಡೈತೆ" ಎಂದ. ಎಷ್ಟೋ ಕಾಲದ ಮೇಲೆ ಅವನು ಆಡಿದ ಮೊದಲ ನಿಜ ಅದಿರಬೇಕು.

ಇಂಥ ಕೋವಿಗೆ ಒಂದು ಶಾಪ ಉಂಟು. ದುರ್ಬೀನು ನಳಿಗೆಯ ಎಡಕ್ಕಿರುವುದರಿಂದ, ನೋಟದ ಗೆರೆಯೂ ಗುಂಡಿನ ದಾರಿಯೂ ಒಂದೇ ಒಂದು ದೂರದಲ್ಲಿ ಕೂಡುತ್ತವೆ. ಅದಕ್ಕಿಂತ ಹತ್ತಿರದ ಗುರಿಗೆ ಹೊಡೆದರೆ ಗುಂಡು ಬಲಕ್ಕೆ ಹೋಗುತ್ತದೆ, ದೂರದ್ದಕ್ಕೆ ಹೊಡೆದರೆ ಎಡಕ್ಕೆ. ಬ್ರಹ್ಮಗಿರಿಯ ಹಿಂಬದಿಯ ಕೊರಕಲಲ್ಲಿ ಚಿರತೆಯ ಹೆಜ್ಜೆ ಕಂಡಿದ್ದರು. ಅಲ್ಲಿ ಕಲ್ಲು ಪೇರಿಸಿ ಮರೆ ಮಾಡಿ, ಎದುರಿಗಿದ್ದ ಚಪ್ಪಟೆ ಬಂಡೆಯ ದೂರಕ್ಕೇ ಗುರಿ ಕೂಡಿಸಿದೆ. ಆ ಬಂಡೆಯ ಮೇಲೆ ಆಡಿನ ಮರಿ ಕಟ್ಟಬೇಕು, ಬಂಡೆಯ ಮೇಲೆ ಬಂದಾಗಲೇ ಹೊಡೆಯಬೇಕು.

"ಬಂಡೆ ಬಿಟ್ಟು ಬೇರೆ ಕಡೆ ಹೊಡೆಯಂಗಿಲ್ಲ ಸಾಹುಕಾರ್ರೆ. ನಾನು ಪಕ್ಕದಾಗೆ ಇರ್ತೀನಿ. ನಾನು ಹೂಂ ಅನ್ನೋವರೆಗೂ ಬೆರಳು ಕುದುರೆಯಿಂದ ಹೊರಗೆ."

"ನಂಗೇ ಹೇಳಿಕೊಡ್ತೀಯಾ?"

"ಹೂಂ. ಇಲ್ಲಾಂದ್ರೆ ನಿಮ್ಮ ತಾಯಿನ ಕರ್ಕೊಂಡು ಬಂದು ಕೂರಿಸ್ತೀನಿ."

ಬಾಲಬಡುಕನನ್ನು ಮರೆಗೆ ಬಿಡಲಿಲ್ಲ. ಅವನು ಗಂಟಲು ಸರಿಮಾಡಿಕೊಂಡರೆ ಕೆಲಸ ಕೆಡುತ್ತಿತ್ತು.

ಬಿಸಿಲು ಇಳಿಯುವ ಹೊತ್ತು. ಬಂಡೆಗಳು ಇನ್ನೂ ಕಾವು ಉಗುಳುತ್ತಿದ್ದವು. ಮರಿ ಒಂದೇ ಸಮನೆ ಅರಚಿ ಥಟ್ಟನೆ ನಿಲ್ಲಿಸಿತು. ನೋಡಿದರೆ ಚಿರತೆ ಬಂಡೆಯ ಕಡೆಯಿಂದ ಬಂದಿರಲಿಲ್ಲ. ನಮ್ಮ ಮರೆಗೆ ಹತ್ತಿರ, ಎಡಗಡೆಯ ಕಳ್ಳಿಯ ಪೊದೆಯಿಂದ ಹೊರಟಿತ್ತು. ಹಿಂಗಾಲು ಎಳೆಯುತ್ತಿತ್ತು. ಗಾಯದ ಕೊಳೆತ ನಾತ ನನ್ನ ಮೂಗಿಗೇ ಬಂತು. ಸಾಹುಕಾರ ಕೋವಿಯನ್ನು ಅತ್ತ ತಿರುಗಿಸಿ ಬೆರಳು ಒಳಗೆ ತಂದ. ಅಲ್ಲಿ ಹೊಡೆದಿದ್ದರೆ ಗುಂಡು ಬಲಕ್ಕೆ ಹಾರಿ ಕಲ್ಲಿಗೆ ಬಡಿಯುತ್ತಿತ್ತು, ಆಮೇಲೆ ನಮ್ಮಿಬ್ಬರಿಗೂ ಆ ಪ್ರಾಣಿಗೂ ನಡುವೆ ಏನೂ ಉಳಿಯುತ್ತಿರಲಿಲ್ಲ. ನಾನು ಅವನ ಮುಂಗೈ ಹಿಡಿದು ಅದುಮಿದೆ. ಅವನು ಕಿತ್ತುಕೊಳ್ಳಲು ನೋಡಿದ, ಬಿಡಲಿಲ್ಲ.

ಚಿರತೆ ನಮ್ಮ ಕಡೆ ತಿರುಗಿ ನೋಡಲಿಲ್ಲ. ಕುಂಟುತ್ತ ಹೋಗಿ, ಹೊಟ್ಟೆ ನೆಲಕ್ಕೆ ಹಚ್ಚಿ, ಮುಂಗಾಲಿನ ಬಲದಿಂದ ಮೈ ಎಳೆದುಕೊಂಡು ಬಂಡೆ ಹತ್ತಿತು. ಕೈ ಬಿಟ್ಟೆ.

"ಹೂಂ."

ಗುಂಡು ಹಾರಿತು. ಚಿರತೆ ಮರಿಯ ಮೇಲೆಯೇ ಮಗುಚಿ, ಒಮ್ಮೆ ಬಾಲ ಬಡಿದು ಸುಮ್ಮನಾಯಿತು. ಹುಬ್ಬಿಗೂ ದುರ್ಬೀನಿಗೂ ನಡುವೆ ನಾನು ಬಿಟ್ಟ ಜಾಗ ಹಾಗೇ ಉಳಿದಿತ್ತು. ಹಳೆಯ ಗಾಯಕ್ಕೆ ಹೊಸದು ಸೇರಲಿಲ್ಲ.

ಸಾಹುಕಾರ ಎದ್ದು ನಿಂತು ಮೀಸೆ ಒರೆಸಿಕೊಂಡ. "ನೋಡಿದ್ಯಾ ನನ್ನ ಗುರಿ?" ಎಂದ. ಸ್ವಲ್ಪ ಹೊತ್ತಾದ ಮೇಲೆ ದನಿ ತಗ್ಗಿಸಿ, "ದುರ್ಬೀನು ಪಕ್ಕಕ್ಕೆ ಯಾಕೈತೆ ಅಂತ ಯಾರಾದ್ರೂ ಕೇಳಿದ್ರೆ ಬಿಲಾಯ್ತಿಯ ಹೊಸ ಪದ್ಧತಿ ಅನ್ನು" ಎಂದ.

ಮಾರನೆಯ ಬೆಳಿಗ್ಗೆ ದೇವಸಮುದ್ರದ ಕಡೆಯ ಕುರಿಗಳೆಲ್ಲ ಬಯಲಿಗೆ ಬಿದ್ದವು. ಅಕ್ಕನ ಕುರಿಗಳು ಕಟ್ಟು ಬಿಚ್ಚಿದ ನೀರಿನ ಹಾಗೆ ಹೊರಗೆ ನುಗ್ಗಿದ್ದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಜ್ವರ ಇಳಿದು ಭಾವ ಉಳಿದುಕೊಂಡ. ಆದರೆ ಆ ಕೈಯ ಬೆರಳುಗಳು ಮಡಚಲೇ ಇಲ್ಲ.

ಚಿರತೆಯನ್ನು ಮೊಳಕಾಲ್ಮೂರಿನ ಕಚೇರಿಯ ಮುಂದೆ ತಂದು ಹಾಕಿದರು. ಸಾಹುಕಾರ ಬಳ್ಳಾರಿಯಿಂದ ಫೋಟೋ ತೆಗೆಯುವವನನ್ನು ಕರೆಸಿದ್ದ. ಅಮಲ್ದಾರರು ಶಾಲು ಹೊದಿಸಿದರು. ದುರ್ಬೀನು ಪಕ್ಕಕ್ಕಿರುವುದನ್ನು ಅವರು ಕೇಳಿದಾಗ, ಬಾಲಬಡುಕ ಬಿಲಾಯ್ತಿಯ ಹೊಸ ಪದ್ಧತಿಯನ್ನು ಉದ್ದಕ್ಕೆ ವಿವರಿಸಿದ. ಅಮಲ್ದಾರರು ತಲೆದೂಗಿದರು. ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಗುಂಪಿನ ಅಂಚಿನಲ್ಲಿ ನಿಂತಿದ್ದ ಭಾವನ ಕಡೆ ಯಾರೂ ನೋಡಲಿಲ್ಲ. ನಾನು ಅವನ ಪಕ್ಕದಲ್ಲಿ ನಿಂತಿದ್ದೆ.

ಫೋಟೋದವನು ಮೂರು ಕಾಲಿನ ಪೆಟ್ಟಿಗೆಯ ಹಿಂದೆ ಕಪ್ಪು ಬಟ್ಟೆ ಹೊದ್ದುಕೊಂಡು, "ಗುರಿ ಹಿಡಿದಂಗೆ ನಿಂತ್ಕೊಳ್ಳಿ ಸಾಹುಕಾರ್ರೆ, ಒಂದು ಕಣ್ಣು ಮುಚ್ಚಿ. ಪೆಟ್ಟಿಗೆ ಕಡೆ ನೋಡಿ" ಎಂದ.

ಸಾಹುಕಾರ ಚಿರತೆಯ ತಲೆಯ ಮೇಲೆ ಒಂದು ಕಾಲಿಟ್ಟ. ಕೋವಿಯನ್ನು ಬಲಭುಜಕ್ಕೆ ಏರಿಸಿದ. ಆಮೇಲೆ, ಶೂರರೆಲ್ಲ ಗುರಿ ಹಿಡಿಯುವಾಗ ಮಾಡುವ ಹಾಗೆ, ಎಡಗಣ್ಣನ್ನು ಗಟ್ಟಿಯಾಗಿ ಮುಚ್ಚಿದ.

ಮುಚ್ಚಿದ ಆ ಒಳ್ಳೆಯ ಕಣ್ಣಿನ ಮುಂದೆ ನನ್ನ ದುರ್ಬೀನು ಇತ್ತು. ಪೊರೆ ಬಂದ ಕಣ್ಣನ್ನು ಅಗಲವಾಗಿ ತೆರೆದುಕೊಂಡು ಅವನು ನಿಂತಿದ್ದ. ಏನೂ ಕಾಣದೆ ಕೋವಿಯನ್ನು ಮೆಲ್ಲಗೆ ಪೆಟ್ಟಿಗೆಯಿಂದ ಆಚೆ, ಕಚೇರಿಯ ಗೋಡೆಯ ಕಡೆಗೆ ತಿರುಗಿಸುತ್ತಿದ್ದ.

"ಪೆಟ್ಟಿಗೆ ಕಾಣ್ತೈತಾ ಸಾಹುಕಾರ್ರೆ?" ಎಂದು ಫೋಟೋದವನು ಬಟ್ಟೆಯೊಳಗಿಂದ ಕೂಗಿದ.

"ಕಾಣ್ತೈತೆ, ಕಾಣ್ತೈತೆ" ಎಂದ ಸಾಹುಕಾರ, ಗೋಡೆಗೆ.

ಜನ ಚಪ್ಪಾಳೆ ತಟ್ಟಿದರು. ಭಾವ ನನ್ನ ಮುಖ ನೋಡಿ, "ಯಾಕೋ ನಗ್ತೀಯಾ?" ಎಂದ.

"ಬಾ ಭಾವ, ಹೋಗೋಣ" ಎಂದು ಅವನ ಸರಿಯಿದ್ದ ಕೈ ಹಿಡಿದುಕೊಂಡು ಹೊರಟೆ.